ಯಾರನ್ನು ಹಚ್ಚಿಕೊಂಡಿರಿ, ಏನನ್ನು ಹಚ್ಚಿಕೊಂಡಿರಿ: ಮನಸ್ಸಿನ ಬೇರು ಹುಡುಕಲು ಒಂದು ಮಾರ್ಗದರ್ಶಿ

ನನಗೆ ಐದು ವರ್ಷ ಇದ್ದಾಗ ಒಂದು ಬೆಳಗ್ಗೆ ಎದ್ದು ನೋಡಿದರೆ ಅವ್ವ ಇರಲಿಲ್ಲ. ಅಪ್ಪನೂ ಇರಲಿಲ್ಲ. ಇಂಡಿ ತಾಲ್ಲೂಕಿನ ನಮ್ಮ ಊರಿನಿಂದ ರಾತ್ರೋರಾತ್ರಿ ಲಾರಿ ಹತ್ತಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಆ ವರ್ಷ ಮಳೆ ಕೈಕೊಟ್ಟಿತ್ತು. ಬಿಳಿಜೋಳ ಮೊಣಕಾಲುದ್ದ ಬೆಳೆದು ಅಲ್ಲೇ ಒಣಗಿತ್ತು. ಅವ್ವ ಎಲ್ಲಿ ಅಂತ ಕೇಳಿದರೆ ಆಯಿ, ಅಂದರೆ ನನ್ನ ಅಜ್ಜಿ, ಹೇಳಿದ್ದು ಒಂದೇ ಮಾತು: "ಬರತಾಳ ಬಿಡು, ಸುಮ್ನ ಉಣ್ಣು." ಅವ್ವ ಬಂದದ್ದು ಯುಗಾದಿಗೆ.

ಈಗ ನನಗೆ ನಲವತ್ತು ದಾಟಿದೆ. ಬಾಗಲಕೋಟೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದೇನೆ. ಇವತ್ತಿಗೂ ಮನೆಯವರು ಎರಡು ಸಲ ಫೋನ್ ಎತ್ತದಿದ್ದರೆ ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಅಂಗೈ ತಣ್ಣಗಾಗುತ್ತದೆ. ಎರಡು ಸಲ ಇಸಿಜಿ ತೆಗೆಸಿದ್ದೇನೆ. ಹೃದಯ ಚೆನ್ನಾಗಿಯೇ ಇದೆ. ಆ ಬೆಳಗ್ಗೆಗೂ ಈ ಎದೆಗೂ ನಂಟಿದೆ ಅಂತ ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ನಮ್ಮ ಭಾಷೆಯಲ್ಲಿ ಒಂದು ಮಾತಿದೆ: ಹಚ್ಚಿಕೊಳ್ಳುವುದು. "ಕೂಸು ಆಯಿನ್ನ ಬಾಳ ಹಚ್ಚಿಕೊಂಡೈತಿ" ಅನ್ನುತ್ತೇವೆ. "ಆ ಮಾತು ಮನಸ್ಸಿಗೆ ಹಚ್ಚಿಕೊಂಡಾಳ" ಅಂತಲೂ ಅನ್ನುತ್ತೇವೆ. ಪ್ರೀತಿಗೂ ಕೊರಗಿಗೂ ಒಂದೇ ಪದ. ಚಿಕ್ಕಂದಿನಲ್ಲಿ ಯಾರನ್ನು ಹಚ್ಚಿಕೊಂಡೆವು, ಆ ನಂಟು ಎಷ್ಟು ಗಟ್ಟಿ ಇತ್ತು ಅನ್ನುವುದರ ಮೇಲೆ, ದೊಡ್ಡವರಾದ ಮೇಲೆ ಏನನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತೇವೆ ಅನ್ನುವುದು ಬಹಳ ಮಟ್ಟಿಗೆ ನಿಂತಿದೆ. ಆ ಎರಡರ ನಡುವಿನ ದಾರಿಯನ್ನು ನೀವೇ ನಡೆದು ನೋಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೇಕಾಗಿರುವುದು ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ವಾರಕ್ಕೆ ಎರಡು ಸಂಜೆ. ಒಂದೇ ರಾತ್ರಿ ಎಲ್ಲ ಮುಗಿಸಬೇಡಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಓದಿಯೇ ಮುಂದೆ ಹೋಗಿ. ಚಿಕ್ಕಂದಿನಲ್ಲಿ ಮೈಮೇಲೆ ದೌರ್ಜನ್ಯ ನಡೆದಿದ್ದರೆ, ವಿಪರೀತ ಹೊಡೆತ ತಿಂದಿದ್ದರೆ, ಈ ಕೆಲಸವನ್ನು ಒಬ್ಬರೇ ಕೂತು ಮಾಡಬೇಡಿ. ನೇರವಾಗಿ ಐದನೇ ಹೆಜ್ಜೆಗೆ ಹೋಗಿ.

ಮೊದಲ ಹೆಜ್ಜೆ: ಮನೆಯ ಚಿತ್ರ

ನಿಮಗೆ ಐದಾರು ವರ್ಷ ಇದ್ದಾಗ ಯಾವ ಮನೆಯಲ್ಲಿ ಇದ್ದಿರೋ ಅದರ ನಕ್ಷೆ ಬರೆಯಿರಿ. ಕೈ ಸೊಟ್ಟ ಇದ್ದರೂ ನಡೆಯುತ್ತದೆ. ಪಡಸಾಲೆ, ಅಡುಗೆಮನೆ, ದನ ಕಟ್ಟುವ ಜಾಗ, ಹಿತ್ತಲು, ಮಾಳಿಗೆ ಹತ್ತುವ ಏಣಿ. ಈಗ ಮಂದಿಯನ್ನು ಕೂರಿಸಿ. ಅಪ್ಪ ಎಲ್ಲಿ ಕೂರುತ್ತಿದ್ದರು? ಮುತ್ಯಾನ ಹಾಸಿಗೆ ಎಲ್ಲಿತ್ತು? ಅವ್ವ ಒಂದು ಕಡೆ ಕೂತದ್ದನ್ನು ನೋಡಿದ ನೆನಪಿದೆಯಾ?

ಆಮೇಲೆ ಮೂರು ಪ್ರಶ್ನೆ ಬರೆದು ಉತ್ತರಿಸಿ. ರಾತ್ರಿ ಯಾರ ಮಗ್ಗುಲಲ್ಲಿ ಮಲಗುತ್ತಿದ್ದಿರಿ? ಬಿದ್ದು ಮೊಣಕಾಲು ಕೆತ್ತಿದರೆ ಯಾರ ಹತ್ತಿರ ಓಡುತ್ತಿದ್ದಿರಿ? ಯಾರ ಚಪ್ಪಲಿ ಸಪ್ಪಳ ಕೇಳಿದರೆ ಆಟ ನಿಲ್ಲಿಸಿ ಸುಮ್ಮನಾಗುತ್ತಿದ್ದಿರಿ? ಮೂರನೇ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. ನನ್ನ ಅನುಭವದಲ್ಲಿ ಬಹಳ ಮಂದಿಯ ಪೆನ್ನು ಅಲ್ಲೇ ನಿಲ್ಲುತ್ತದೆ.

ಈ ಪ್ರಶ್ನೆಗಳು ಯಾಕೆ? ಎರಡನೇ ಮಹಾಯುದ್ಧದ ಮೇಲೆ ಯುರೋಪಿನಲ್ಲಿ ಮನೆಮಠ ಕಳೆದುಕೊಂಡ ಮಕ್ಕಳು ತುಂಬಾ ಇದ್ದರು. ವಿಶ್ವ ಆರೋಗ್ಯ ಸಂಸ್ಥೆ ಅವರ ಬಗ್ಗೆ ವರದಿ ಕೊಡಲು ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯರಿಗೆ ಹೇಳಿತು. 1951ರಲ್ಲಿ ವರದಿ ಬಂತು. ಮಗುವಿಗೆ ಹಾಲು ಬಟ್ಟೆ ಎಷ್ಟು ಮುಖ್ಯವೋ, ತಾಯಿಯ ಜೊತೆಗೆ ಅಥವಾ ತಾಯಿಯ ಜಾಗದಲ್ಲಿ ಕಾಯಂ ನಿಲ್ಲುವ ಒಬ್ಬರ ಜೊತೆಗೆ ಕಡಿಯದ, ಬೆಚ್ಚಗಿನ ನಂಟು ಅಷ್ಟೇ ಮುಖ್ಯ ಅನ್ನುವುದು ಅದರ ತಿರುಳು.

ಬೌಲ್ಬಿಯ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಅವರು ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಹತ್ತಿರದಿಂದ ನೋಡಿದರು. ಒಂದು ವರ್ಷದ ಕೂಸನ್ನು ಆಟಿಕೆ ಇರುವ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವೇ ನಿಮಿಷ ಹೊರಗೆ ಹೋಗುತ್ತಿದ್ದಳು. ಐನ್ಸ್‌ವರ್ತ್ ಮುಖ್ಯವಾಗಿ ನೋಡಿದ್ದು ತಾಯಿ ವಾಪಸ್ ಬಂದಾಗ ಕೂಸು ಏನು ಮಾಡುತ್ತದೆ ಅಂತ. ಕೆಲವು ಕೂಸುಗಳು ಓಡಿ ಬಂದು, ತೊಡೆಯೇರಿ, ಸಮಾಧಾನ ಆದ ಮೇಲೆ ಮತ್ತೆ ಆಟಕ್ಕೆ ಹೋದವು. ಕೆಲವು ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡವು, ಸಿಟ್ಟಿನಿಂದ ಒದ್ದವು, ಎಷ್ಟು ಹೊತ್ತಾದರೂ ಸಮಾಧಾನ ಆಗಲಿಲ್ಲ. ಇನ್ನು ಕೆಲವು ತಾಯಿಯ ಕಡೆ ನೋಡಲೇ ಇಲ್ಲ. ಆಟಿಕೆ ಹಿಡಿದು ಸುಮ್ಮನೆ ಕೂತವು.

ಈ ಮೂರನೇ ಕೂಸನ್ನು ನಮ್ಮ ಕಡೆ ಏನೆನ್ನುತ್ತಾರೆ? "ಭಾಳ ಶ್ಯಾಣ್ಯಾ ಕೂಸು, ಹಟಾನ ಮಾಡಂಗಿಲ್ಲ." ಆದರೆ ಮುಂದೆ ಬೇರೆ ಸಂಶೋಧಕರು ಅಳತೆ ಮಾಡಿದಾಗ ಇಂಥ ಕೂಸುಗಳ ಎದೆಬಡಿತವೂ ಏರಿತ್ತು. ಅಳು ಹೊರಗೆ ಬರಲಿಲ್ಲ, ಅಷ್ಟೇ. ನಾನು ಅಂಥ ಶ್ಯಾಣ್ಯಾ ಕೂಸಾಗಿದ್ದೆ. ಯುಗಾದಿಗೆ ಅವ್ವ ಬಂದಾಗ ನಾನು ಆಯಿಯ ಸೆರಗಿನ ಹಿಂದೆ ನಿಂತು ಹತ್ತಿರ ಹೋಗಲೇ ಇಲ್ಲವಂತೆ. ಊರವರೆಲ್ಲ ನಕ್ಕರಂತೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇದೆ. ಈ ಸಂಶೋಧನೆ ಓದಿದ ಕೆಲವರು ಎಲ್ಲ ತಪ್ಪನ್ನೂ ತಾಯಿಯ ತಲೆಗೆ ಕಟ್ಟುತ್ತಾರೆ. ಅದು ಸರಿಯಲ್ಲ. ನಮ್ಮ ಮನೆಗಳಲ್ಲಿ ಮಗುವಿಗೆ ಒಂದೇ ತೊಡೆ ಇರುವುದಿಲ್ಲ. ಆಯಿ, ದೊಡ್ಡವ್ವ, ಚಿಗವ್ವ, ಅತ್ತಿ, ಪಕ್ಕದ ಮನೆಯ ಮುದುಕಿ, ಎಷ್ಟೋ ಮಂದಿ ಇರುತ್ತಾರೆ. ಆದ್ದರಿಂದ ನಕ್ಷೆಯಲ್ಲಿ ಅವರನ್ನೆಲ್ಲ ಹುಡುಕಿ ಬರೆಯಿರಿ. ಒಂದು ಕಡೆ ಸಿಗದ ತೊಡೆ ಇನ್ನೊಂದು ಕಡೆ ಸಿಕ್ಕಿರಬಹುದು.

ಎರಡನೇ ಹೆಜ್ಜೆ: ಕಿವಿಯಲ್ಲಿ ಉಳಿದ ಮಾತುಗಳು

ಹೊಸ ಪುಟ ತೆಗೆಯಿರಿ. ಅತ್ತಾಗ, ಸೋತಾಗ, ಖುಷಿಯಿಂದ ಕುಣಿದಾಗ ಮನೆಯವರು ಏನು ಹೇಳುತ್ತಿದ್ದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ಶುದ್ಧ ಮಾಡಿ ಬರೆಯಬೇಡಿ. "ಗಂಡಸಾಗಿ ಅಳತಿಯೇನಲೇ?" "ಹೆಣ್ಮಗಳು ಇಷ್ಟು ಜೋರ ನಗಬಾರದು." "ನಾಕ ಮಂದಿ ಏನಂದಾರು?" ನನ್ನದರಲ್ಲಿ ಹನ್ನೊಂದು ಮಾತು ಬಂದವು. ಹನ್ನೊಂದರಲ್ಲಿ ಐದರಲ್ಲಿ "ಮಂದಿ" ಇದ್ದರು.

ಪ್ರತಿ ಮಾತಿನ ಮುಂದೆ ಎರಡು ಸಂಗತಿ ಬರೆಯಿರಿ. ಇದನ್ನು ಹೇಳಿದವರು ಯಾರು? ಅವರಿಗೆ ಇದನ್ನು ಯಾರು ಹೇಳಿರಬಹುದು? ಎರಡನೆಯದನ್ನು ಬರೆಯುವಾಗ ಗೊತ್ತಾಗುತ್ತದೆ, ಈ ಮಾತುಗಳಲ್ಲಿ ಬಹಳಷ್ಟು ನಮ್ಮ ಮನೆಯಲ್ಲಿ ಹುಟ್ಟಿದವಲ್ಲ. ಓಣಿಯಿಂದ ಬಂದವು. ಅಪ್ಪನ ಬಾಯಲ್ಲಿ ಊರು ಮಾತಾಡುತ್ತಿತ್ತು.

ಮಾತು ಮಾತ್ರ ಅಲ್ಲ, ಮೌನವನ್ನೂ ಬರೆಯಿರಿ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಮಾಡಿದರು. ತಾಯಿ ಕೂಸಿನ ಜೊತೆ ನಗುತ್ತಾ ಆಡುತ್ತಾ ಇದ್ದವಳು ಒಮ್ಮೆಲೇ ಮುಖವನ್ನು ಕಲ್ಲಿನ ಹಾಗೆ ಮಾಡಿ ಒಂದೆರಡು ನಿಮಿಷ ಸುಮ್ಮನೆ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸಪ್ಪಳ ಮಾಡುತ್ತದೆ. ಯಾವುದಕ್ಕೂ ಉತ್ತರ ಬರದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಬೈಗುಳ ಇಲ್ಲ, ಹೊಡೆತ ಇಲ್ಲ, ಬರೀ ಉತ್ತರ ಕೊಡದ ಮುಖ. ಮೊಬೈಲ್ ನೋಡುತ್ತಾ ಮಗುವಿಗೆ "ಹೂಂ" ಅನ್ನುವ ನಮ್ಮ ಮುಖ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಅದೇ ಟ್ರಾನಿಕ್ ಇನ್ನೊಂದನ್ನೂ ಕಂಡರು. ನನಗೆ ಧೈರ್ಯ ಕೊಟ್ಟದ್ದು ಅದು. ಒಳ್ಳೆಯ ತಾಯಿ ಮಕ್ಕಳ ನಡುವೆಯೂ ಬಹಳ ಹೊತ್ತು ತಾಳ ತಪ್ಪಿಯೇ ಇರುತ್ತದೆ. ತಪ್ಪಿದ ತಾಳವನ್ನು ಮತ್ತೆ ಮತ್ತೆ ಕೂಡಿಸಿಕೊಳ್ಳುವುದರಿಂದಲೇ ನಂಟು ಗಟ್ಟಿಯಾಗುತ್ತದೆ.

ಮೂರನೇ ಹೆಜ್ಜೆ: ಮನೆಯ ಹೊರಗಿನ ಓಣಿ

ಇದಕ್ಕೆ ಎರಡು ಸಂಜೆ ಇಟ್ಟುಕೊಳ್ಳಿ. ಮೊದಲ ದಿನದ ನಕ್ಷೆಯ ಸುತ್ತ ಈಗ ಓಣಿ, ಶಾಲೆ, ನೀರಿನ ಜಾಗ, ಗುಡಿ, ಹೊಲ ಬರೆಯಿರಿ. ಯಾವ ಮನೆಗೆ ಒಳಗೆ ಹೋಗಬಹುದಿತ್ತು? ಯಾವ ಮನೆಯ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದರು? ನೀರು ಲೋಟದಲ್ಲಿ ಕೊಟ್ಟರಾ, ಮೇಲಿಂದ ಬೊಗಸೆಗೆ ಹೊಯ್ದರಾ? ಜಾತಿ ಅನ್ನುವ ಪದ ತಿಳಿಯುವ ಮೊದಲೇ ಮಗುವಿನ ಮೈಗೆ ಅದು ಗೊತ್ತಾಗಿರುತ್ತದೆ. ಮುಂದೆ ಆಫೀಸಿನಲ್ಲಿ ಸಾಹೇಬರ ಎದುರು ಕುರ್ಚಿ ಇದ್ದರೂ ಕೂರಲು ಹಿಂಜರಿಯುವ ಮನುಷ್ಯನಿಗೆ "ನಿನಗೆ ಧೈರ್ಯ ಕಮ್ಮಿ" ಅನ್ನುವುದು ತಪ್ಪು. ಅವನು ಕಲಿತ ಪಾಠ ಆ ಹೊಸ್ತಿಲಿನದು.

ನಮ್ಮ ಜಿಲ್ಲೆಗಳಲ್ಲಿ ಶಾಲೆಯ ದಾಖಲಾತಿ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನುವ ಜಾಗ ಬಂದಾಗ ತಲೆ ತಗ್ಗಿಸಿದ ದೇವದಾಸಿಯರ ಮಕ್ಕಳಿದ್ದಾರೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಆದರೆ ಆ ತಾಯಂದಿರು ಮಕ್ಕಳನ್ನು ಎಷ್ಟೇ ಪ್ರೀತಿಯಿಂದ ಸಾಕಿದರೂ ಒಂದು ಕೋಣೆ ತುಂಬ ಮಕ್ಕಳ ಎದುರು ಕೇಳಿದ ಒಂದು ಪ್ರಶ್ನೆ ಆ ಪ್ರೀತಿಯ ಮೇಲೆ ಕಲ್ಲು ಹಾಕುತ್ತದೆ. ಇಲ್ಲಿ ತಾಯಿಯ ನಂಟು ಗಟ್ಟಿಯೇ ಇದೆ. ಗಾಯ ಮಾಡಿದ್ದು ಸಮಾಜ.

ಇನ್ನು ಊರೇ ಹೋದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ, ಸುತ್ತಲಿನ ಎಷ್ಟೋ ಹಳ್ಳಿ ಮುಳುಗಿದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಸೆಕ್ಟರ್ ನಂಬರಿನ ಮನೆ ಸಿಕ್ಕಿತು, ರಸ್ತೆ ಅಗಲ ಆಯಿತು. ಆದರೆ ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದ ಪಕ್ಕದ ಮನೆಯವಳು ಬೇರೆ ಸೆಕ್ಟರಿಗೆ ಹೋಗಿದ್ದಳು. ಪರಿಹಾರದ ಲೆಕ್ಕದಲ್ಲಿ ಮನೆ ಬಂತು, ಹೊಲ ಬಂತು, ಮಾವಿನ ಗಿಡವೂ ಬಂತು. ನೆರೆಮನೆಯವಳು ಯಾವ ಲೆಕ್ಕದಲ್ಲೂ ಬರಲಿಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಪ್ರವಾಹ ಬಂದಾಗ ಹೊಳೆಸಾಲಿನ ಮಕ್ಕಳು ದಿನಗಟ್ಟಲೆ ಶಾಲೆಯ ಕೋಣೆಗಳಲ್ಲಿ, ಶೆಡ್ಡುಗಳಲ್ಲಿ ಮಲಗಿದರು. ಮೋಡ ಕಪ್ಪಾದರೆ ಇವತ್ತಿಗೂ ಪುಸ್ತಕದ ಚೀಲವನ್ನು ಎತ್ತರದಲ್ಲಿ ಇಡುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು.

ಇದನ್ನೆಲ್ಲ ಬರೆದ ಮೇಲೆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ. "ಯಾಕೆ ಹಾಗೆ ಮಾಡಿದಿರಿ?" ಅಂತ ಕೇಳಬೇಡಿ. ಅದು ಕೋರ್ಟಿನ ಪ್ರಶ್ನೆ. "ಆಗ ನಿಮಗೆ ಏನೇನು ತ್ರಾಸು ಇತ್ತು?" ಅಂತ ಕೇಳಿ. ನಾನು ಅವ್ವನನ್ನು ಕೇಳಿದ್ದು ಶೇಂಗಾ ಸುಲಿಯುವಾಗ. ಕೈಗೆ ಕೆಲಸ ಇದ್ದರೆ ಮಾತು ಸಲೀಸು. ಅವ್ವ ತಲೆ ಎತ್ತಲಿಲ್ಲ. "ನೀ ಎದ್ದು ಅತ್ತಿದ್ದಿ ಅಂದ್ರ ನನ್ನ ಕಾಲು ಮುಂದಕ್ಕ ಹೋಗತಿರಲಿಲ್ಲವಾ" ಅಂದಳು. "ಹೋಗದಿದ್ರ ಆ ವರ್ಷ ಉಣ್ಣಾಕ ಏನಿತ್ತು?" ಲಾರಿ ಹತ್ತುವ ಮೊದಲು ನನ್ನ ಕಾಲುಂಗುರವಿಲ್ಲದ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದಳಂತೆ. ನನಗೆ ಅದು ಗೊತ್ತಿರಲಿಲ್ಲ.

ಎಲ್ಲರಿಗೂ ಇಂಥ ಉತ್ತರ ಸಿಗುವುದಿಲ್ಲ. ಕೆಲವರು ಸಿಟ್ಟಾಗುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಬಿಟ್ಟುಬಿಡಿ. ಒತ್ತಾಯ ಮಾಡಬೇಡಿ. ನಿಮ್ಮನ್ನು ನಿಜಕ್ಕೂ ಹಿಂಸೆ ಮಾಡಿದವರಾದರೆ ಅವರ ತ್ರಾಸು ಕೇಳುವ, ಕ್ಷಮಿಸುವ ಯಾವ ಋಣವೂ ನಿಮ್ಮ ಮೇಲಿಲ್ಲ.

ನಾಲ್ಕನೇ ಹೆಜ್ಜೆ: ಇವತ್ತಿನ ದಿನಕ್ಕೆ ಹೊಂದಿಸಿ ನೋಡಿ

ಎರಡು ವಾರ, ಮನಸ್ಸು ಅಳತೆ ಮೀರಿ ಕೆದರಿದಾಗೆಲ್ಲ ಮೂರು ಸಾಲು ಬರೆಯಿರಿ: ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಯಾವ ಹಳೆಯ ಮಾತು ನೆನಪಾಯಿತು. ಮೈಯ ಸಾಲನ್ನು ಬಿಡಬೇಡಿ. ನಮ್ಮ ಕಡೆ ದುಃಖ ಮೊದಲು ಮೈಯಲ್ಲೇ ಮಾತಾಡುತ್ತದೆ: ತಲೆಭಾರ, ಎದೆ ಉರಿ, ಕೈಕಾಲು ಜೋಮು, "ಗ್ಯಾಸ್". ಡಾಕ್ಟರ ಹತ್ತಿರ ತೋರಿಸಿಕೊಳ್ಳಿ, ಅದು ಬೇಕು. ಎಲ್ಲ ತಪಾಸಣೆ ಸರಿ ಬಂದ ಮೇಲೂ ತ್ರಾಸು ಇದ್ದರೆ ಈ ಪುಟ ನೋಡಿ.

ಇಲ್ಲಿ ಕೆಲವರಿಗೆ ಹೆದರಿಕೆ ಆಗುತ್ತದೆ. ಬಾಲ್ಯ ಹೀಗಿತ್ತು, ಇನ್ನು ನನ್ನ ಕಥೆ ಮುಗಿಯಿತಾ ಅಂತ. ಹೆದರಿಕೆಗೆ ಕಾರಣ ಇದೆ. 1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಬಾಲ್ಯದ ಕಷ್ಟಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಒಟ್ಟು 17,000ಕ್ಕಿಂತ ಹೆಚ್ಚು ಜನ ಅದರಲ್ಲಿ ಸೇರಿದರು. ಮನೆಯಲ್ಲಿ ಹಿಂಸೆ, ಕುಡಿತ, ಜೈಲು ಪಾಲಾದವರು, ಇಂಥ ಕಷ್ಟ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಆತ್ಮಹತ್ಯೆಯ ಯತ್ನ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚಿತ್ತು. ಆದರೆ ಅದು ಗುಂಪಿನ ಲೆಕ್ಕ, ಒಬ್ಬರ ಹಣೆಬರಹ ಅಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ನೋಡುತ್ತಾ ಬಂದರು. ಬಡತನ, ಜಗಳದ ಮನೆ, ಕಾಯಿಲೆಯ ತಂದೆತಾಯಿ ಇದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ನೆಟ್ಟಗೆ, ಗಟ್ಟಿಯಾಗಿ ಬೆಳೆದರು. ಅವರಲ್ಲಿ ಬಹಳ ಸಲ ಕಂಡ ಒಂದು ಸಂಗತಿ: ಕೈಬಿಡದ ಒಬ್ಬ ದೊಡ್ಡವರು ಇದ್ದರು. ಅಜ್ಜಿ, ಚಿಕ್ಕಮ್ಮ, ಟೀಚರ್, ಯಾರಾದರೂ ಒಬ್ಬರು.

ಇದನ್ನು ಓದಿದ ದಿನ ನಾನು ಆಯಿ ಹೊಲಿದ ಕೌದಿ ತೆಗೆದು ಹೊದ್ದು ಕೂತಿದ್ದೆ. ಅವ್ವನ ಹಳೇ ಇಳಕಲ್ ಸೀರೆಯ ತುಂಡುಗಳನ್ನು ಕೂಡಿಸಿ ಆಯಿ ಅದನ್ನು ಹೊಲಿದದ್ದು ಆ ವರ್ಷವೇ.

ಐದನೇ ಹೆಜ್ಜೆ: ಒಬ್ಬರಿಗೆ ಹೇಳಿ, ಬೇಕಾದರೆ ಡಾಕ್ಟರಿಗೂ ಹೇಳಿ

ನೋಟ್‌ಬುಕ್ಕನ್ನು ಪೂರ್ತಿ ಯಾರಿಗೂ ಕೊಡಬೇಕಿಲ್ಲ. ಒಬ್ಬರನ್ನು ಆರಿಸಿ. ಸಲಹೆ ಕೊಡುವ ಚಟ ಕಡಿಮೆ ಇರುವವರು ಒಳ್ಳೆಯದು. ಮೊದಲೇ ಹೇಳಿಬಿಡಿ: "ನನಗೆ ಉಪಾಯ ಬೇಡ, ಹತ್ತು ನಿಮಿಷ ಕೇಳು ಸಾಕು." ನಿಮಗೇ ಯಾರಾದರೂ ಹೇಳಲು ಬಂದರೆ "ಧೈರ್ಯ ತಗೋ", "ನಮ್ಮದೇನು ಕಮ್ಮಿ ಇತ್ತಾ" ಅನ್ನಬೇಡಿ. "ಆಮೇಲೆ?" ಅಂದರೆ ಸಾಕು.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ. 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಫೋನ್ ಎತ್ತಿದ ಕೂಡಲೇ ಏನು ಹೇಳುವುದು ಅಂತ ಗೊತ್ತಾಗದಿದ್ದರೆ "ನನಗೆ ಮಾತು ಶುರು ಮಾಡೋಕೆ ಆಗ್ತಾ ಇಲ್ಲ" ಅಂತ ಹೇಳಿ. ಮುಂದಿನದನ್ನು ಅವರು ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಜಾಸ್ತಿ ತ್ರಾಸು ಇದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ. ಗುಡಿಗೆ, ದರ್ಗಾಕ್ಕೆ ಹೋಗುವವರು ಹೋಗಲಿ. ಅದಕ್ಕೆ ಜಗಳ ಬೇಡ. ಗುಳಿಗೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

"ಮಂದಿ ಏನಂದಾರು" ಇಲ್ಲೂ ಬರುತ್ತದೆ. 2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ಶೇಕಡಾ 10.6 ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಹತ್ತು ಜನ ಕೂತ ಕಟ್ಟೆಯ ಮೇಲೆ ಒಬ್ಬರು. ಆ ಮಂದಿಯಲ್ಲೂ ಒಬ್ಬರು ನಿಮ್ಮ ಹಾಗೇ ಇದ್ದಾರೆ.

ಮನೆಯಲ್ಲಿ ಬಾಣಂತಿ ಇದ್ದರೆ ವಿಶೇಷ ಲಕ್ಷ್ಯ ಇಡಿ. ಹೆತ್ತ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಕೂಸಿನ ಕಡೆ ಮನಸ್ಸು ಹರಿಯದಿದ್ದರೆ ಅದು ಕಾಯಿಲೆ, ಸೊಕ್ಕಲ್ಲ. ನಿದ್ದೆಯಿಲ್ಲದೆ ಏನೇನೋ ಮಾತಾಡುತ್ತಿದ್ದರೆ, ಇಲ್ಲದ್ದು ಕಾಣುತ್ತಿದ್ದರೆ, ನಮ್ಮವರು ಬಾಣಂತಿ ಸನ್ನಿ ಅನ್ನುವುದು ಅದನ್ನೇ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಇನ್ನೂ ಒಂದು ಬೇಡಿಕೆ. ಎರಡನೆಯದೂ ಹೆಣ್ಣಾದ ಮನೆಗೆ ಹೋಗಿ ತೊಟ್ಟಿಲ ಎದುರು "ಮತ್ತ ಹೆಣ್ಣ?" ಅನ್ನಬೇಡಿ. ಆ ತಾಯಿಯ ಮುಖ ಅಲ್ಲೇ ಕಲ್ಲಾಗುತ್ತದೆ. ಕೂಸು ಆ ಮುಖವನ್ನೇ ನೋಡುತ್ತಿರುತ್ತದೆ.

ಆರನೇ ಹೆಜ್ಜೆ: ಮನೆಯಲ್ಲಿ ಮಗು ಇದ್ದರೆ

ದೊಡ್ಡ ದೊಡ್ಡ ಕೆಲಸ ಏನೂ ಇಲ್ಲ. ಮನೆಗೆ ಬಂದ ಮೊದಲ ಐದು ನಿಮಿಷ ಮೊಬೈಲ್ ಚೀಲದಲ್ಲೇ ಇರಲಿ, ಮುಖ ಮಗುವಿನ ಕಡೆ ಇರಲಿ. ಸಿಟ್ಟಿನಲ್ಲಿ ಹೊಡೆದುಬಿಟ್ಟರೆ ಮಲಗುವ ಮೊದಲು ಹತ್ತಿರ ಹೋಗಿ "ನಂದು ತಪ್ಪಾಯ್ತು" ಅನ್ನಿ. ಇದರಿಂದ ಮರ್ಯಾದೆ ಹೋಗುವುದಿಲ್ಲ. ತಪ್ಪಿದ ತಾಳ ಕೂಡುವುದು ಹೀಗೆಯೇ. ಅಳುವ ಗಂಡುಮಗುವಿಗೆ ಅಳಲು ಬಿಡಿ. ಮಗುವಿಗೆ ಮನೆಯಲ್ಲೋ ಹೊರಗೋ ಹಿಂಸೆ ನಡೆಯುತ್ತಿದೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ದುಡಿಯಲು ಊರು ಬಿಡುವವರಿಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ದಸರಾ, ದೀಪಾವಳಿ ಸುಮಾರಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಹೋಗುವುದು ಬಿಡುವುದು ನಿಮ್ಮ ಕೈಯಲ್ಲಿ ಇಲ್ಲ, ಅದು ನನಗೆ ಗೊತ್ತು. ಹೇಗೆ ಹೋಗುತ್ತೀರಿ ಅನ್ನುವುದು ಕೈಯಲ್ಲಿದೆ. ಮಲಗಿದ ಮಗುವನ್ನು ಬಿಟ್ಟು ಹೋಗಬೇಡಿ. ಎಚ್ಚರ ಇದ್ದಾಗ, ನಾಲ್ಕು ದಿನ ಮೊದಲೇ, ಎಲ್ಲಿಗೆ, ಯಾಕೆ, ಎಷ್ಟು ದಿನ ಅಂತ ಹೇಳಿ. ಅಳುತ್ತದೆ. ಅತ್ತರೆ ಎತ್ತಿಕೊಳ್ಳಿ. ಉಟ್ಟ ಸೀರೆ ಒಂದನ್ನು ತೊಳೆಯದೆ ಆಯಿಯ ಕೈಗೆ ಕೊಡಿ, ರಾತ್ರಿ ಹೊದಿಸಲು. ಫೋನಿಗೆ ಒಂದು ಹೊತ್ತು ಗೊತ್ತು ಮಾಡಿ, ಆ ಹೊತ್ತು ತಪ್ಪಿಸಬೇಡಿ. ಬೇರೆ ಹೊತ್ತಿನಲ್ಲಿ ಹತ್ತು ಸಲ ಮಾಡಿದರೂ ಅದಕ್ಕೆ ಸಮ ಆಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ದಿನಕ್ಕೆ ಕೆಂಪು ಗುರುತು ಹಾಕಿ. ದಿನ ಖಚಿತ ಇಲ್ಲದಿದ್ದರೆ ಸುಳ್ಳು ದಿನ ಹೇಳಬೇಡಿ. "ಯುಗಾದಿ ಒಳಗ" ಅಂದರೂ ನಡೆಯುತ್ತದೆ.

ಹೋದ ವರ್ಷ ನನ್ನ ಎಂಟನೇ ತರಗತಿಯ ಹುಡುಗನೊಬ್ಬನ ತಂದೆತಾಯಿ ಕಬ್ಬಿಗೆ ಹೋಗುವ ಮೊದಲು ಶಾಲೆಗೆ ಬಂದಿದ್ದರು. ಅವನಿಗೆ ಒಬ್ಬ ಪುಟ್ಟ ತಂಗಿ ಇದ್ದಾಳೆ. ಕ್ಯಾಲೆಂಡರಿನ ವಿಷಯ ಅವರಿಗೆ ಹೇಳಿದೆ. ಜನವರಿಯಲ್ಲಿ ಅವನನ್ನು ತಂಗಿ ಹೇಗಿದ್ದಾಳೆ ಅಂತ ಕೇಳಿದರೆ, "ದಿನಾ ಮುಂಜಾನೆ ಒಂದು ಮನಿ ಗೀಟು ಹಾಕ್ತಾಳ್ರಿ ಮೇಡಂ" ಅಂದ. "ನಿನ್ನೆ ಎರಡು ಹಾಕಾಕ ಹೋಗಿದ್ಲು. ನಾನ ಬ್ಯಾಡಂದೆ."